ನಿನ್ನ ಔಷಧಿ, ನನ್ನ ಗಂಡ

ಮಾರ್ಚ್ ೯, ಭಾನುವಾರ

ಪ್ರೀತಿಯ ಕಡ್ಡಿ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರಲಿಲ್ಲವೆಂದು ಮುನಿಸಿಕೊಳ್ಳಬೇಡ ಕಣೇ. ಕೈಗೆ ಬಿಡುವಿರಲಿಲ್ಲ ಎಂದರೆ ಅರ್ಧ ನಿಜ. ಬರೆಯಲು ಮನಸ್ಸು ಬರಲಿಲ್ಲ ಎನ್ನುವುದು ಉಳಿದರ್ಧ. ಮಾತ್ರೆ ಕಾರ್ಖಾನೆಯಲ್ಲಿ ನನ್ನ ಕೆಲಸ ಹಾಗೇ ಇದೆ. ಮಾತ್ರೆ ನೀರಿನಲ್ಲಿ ಸರಿಯಾಗಿ ಕರಗುತ್ತದೋ ಇಲ್ಲವೋ ಎಂದು ದಿನವಿಡೀ ನೋಡುತ್ತ ಕೂರುತ್ತೇನೆ.

ನಮ್ಮವರ ವಿಷಯ ನಿನಗೆ ತಿಳಿಸಿರಲಿಲ್ಲ. ಹೋದ ವರ್ಷ ಹೃದಯದ ರಕ್ತನಾಳ ಕಟ್ಟಿಕೊಂಡು ಸ್ಟೆಂಟ್ ಹಾಕಿಸಿದ್ದೆವು. ಕೆಲವೇ ತಿಂಗಳಲ್ಲಿ ಅದೇ ಜಾಗ ಮತ್ತೆ ಕಿರಿದಾಯಿತು. ಶಾಲೆಯ ಮಕ್ಕಳನ್ನೆಲ್ಲ ಓಡಿಸುವ ಡ್ರಿಲ್ ಮೇಷ್ಟ್ರು ಮೆಟ್ಟಿಲ ಮಧ್ಯೆ ಕೂತು, ನೀನು ಹೋಗ್ತಿರು, ನಾನು ಸ್ವಲ್ಪ ಗಾಳಿ ತಗೊಂಡು ಬರ್ತೀನಿ ಎನ್ನುತ್ತಿದ್ದರು. ಸ್ಟೆಂಟಿನ ಒಳಗೇ ಮಾಂಸ ಬೆಳೆದಿದೆ, ಬರೀ ಅಗಲ ಮಾಡಿದರೆ ಮತ್ತೆ ಬೆಳೆಯಬಹುದು ಎಂದರು ಡಾಕ್ಟರು. ಹೊಸ ಚಿಕಿತ್ಸೆಯೊಂದು ಪರೀಕ್ಷೆಯ ಹಂತದಲ್ಲಿದೆಯಂತೆ. ನಾಳ ಅಗಲಿಸುವ ಪುಟ್ಟ ಬಲೂನಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನು ಸವರಿರುತ್ತಾರೆ. ನಾಳದೊಳಗೆ ಬಲೂನು ಉಬ್ಬಿದಾಗ ಅವು ಗೋಡೆಗೆ ಅಂಟಿಕೊಂಡು, ವಾರಗಟ್ಟಲೆ ಅಲ್ಲಿಗಷ್ಟೇ ಔಷಧಿ ಬಿಡುತ್ತವೆ ಎಂದು ಬಿಡಿಸಿ ಹೇಳಿದರು. ನಾನು ಮೇಜಿನ ಮೇಲಿದ್ದ ಪೇಪರ್‌ವೇಟ್ ತಿರುಗಿಸುತ್ತ ಕೂತಿದ್ದೆ. ಅದು ನೀನು ಕಂಡುಹಿಡಿದ ಕಣ ಎಂದು ಅವರು ಹೇಳುವ ಮೊದಲೇ ನನಗೆ ಗೊತ್ತಾಗಿತ್ತು.

ಒಂದೇ ಲ್ಯಾಬಿನಲ್ಲಿ, ಒಂದೇ ಮೇಜಿನ ಮುಂದೆ ಇಬ್ಬರೂ ಶುರು ಮಾಡಿದೆವು. ನನ್ನ ಕಣ ಸೀಸೆಯಲ್ಲಿದ್ದಷ್ಟು ಹೊತ್ತು ಚೆನ್ನಾಗಿಯೇ ಇರುತ್ತಿತ್ತು. ರಕ್ತಕ್ಕೆ ಬಿದ್ದೊಡನೆ ಒಡೆದ ಹಾಲಿನಂತೆ ಗಂಟುಗಂಟು. ನಿನ್ನದು ಒಡೆಯದೆ ನಿಂತಿತು. ನಮ್ಮ ಪಿಎಚ್‌ಡಿ ಗೈಡ್ ನಿನ್ನನ್ನು ಉಳಿಸಿಕೊಂಡು, ನನಗೆ ನಾಲ್ಕು ಒಳ್ಳೆಯ ಮಾತು ಹೇಳಿ ಕಳುಹಿಸಿದರು. ನೀನು ಮೋಸವನ್ನಾದರೂ ಮಾಡಿದ್ದರೆ ಬೈದುಕೊಂಡು ಹಾಯಾಗಿರುತ್ತಿದ್ದೆ. ನೀನೋ, ನನ್ನ ಸೀಸೆಗಳನ್ನೂ ತೊಳೆದಿಟ್ಟು ಅತ್ತವಳು.

ನಮ್ಮವರು ಚಿಕಿತ್ಸೆಗೆ ಒಪ್ಪಿದರು. ಬೇಡ ಎನ್ನಲು ನನಗೆ ಯಾವ ಬಾಯಿತ್ತು? ಅಲ್ಲಿಂದ ಶುರುವಾಯಿತು ಅವರ ಬಾಯಲ್ಲಿ ನಿನ್ನ ಜಪ. ಹಾಲು ಹಾಕುವವನಿಗೆ, ಎದುರುಮನೆ ಟೈಲರ್‌ಗೆ, ಇವಳ ಗೆಳತಿ ಮಾಡಿದ ಔಷಧಿ ಎಂದು ಹೇಳಿದ್ದೇ ಹೇಳಿದ್ದು. ಒಗ್ಗರಣೆ ಸೀಯುತ್ತಿದೆ ಎಂದು ಅವರು ಕೂಗಿದರೆ, ಸೀಯುತ್ತಿರುವುದು ನನ್ನ ಹೊಟ್ಟೆ ಎನ್ನಬೇಕೆನಿಸುತ್ತಿತ್ತು. ನಿನಗೊಂದು ಮಾತು ತಿಳಿಸು ಎಂದು ಎಷ್ಟು ಸಲ ಹೇಳಿದರೋ. ನಾಳೆ ನಾಳೆ ಎಂದು ತಳ್ಳುತ್ತಲೇ ಬಂದೆ.

ಮೊನ್ನೆ ಮತ್ತೆ ಆಂಜಿಯೋಗ್ರಾಂ ಮಾಡಿದರು. ಡಾಕ್ಟರು ನನ್ನನ್ನೂ ಕರೆದು ಪರದೆ ತೋರಿಸಿದರು. ನಾಳ ತೆರೆದೇ ಇತ್ತು, ಎಲ್ಲೂ ಕಿರಿದಾಗಿರಲಿಲ್ಲ. ಎಂಥ ಕೆಲಸ ಮಾಡಿದ್ದೀಯ ಕಡ್ಡಿ! ಹೊಗಳಲು ನನಗಿಂತ ಅರ್ಹರು ಯಾರಿದ್ದಾರೆ? ಅದು ಎಷ್ಟು ಕಷ್ಟ ಎಂದು ಸೋತವಳಿಗಲ್ಲವೇ ಗೊತ್ತು. ನಾಳೆಯಿಂದ ಅವರು ಶಾಲೆಗೆ ಹೋಗುತ್ತಾರೆ.

ನಿನ್ನ ಕೈಗುಣ ಇನ್ನೂ ಸಾವಿರ ಜನರನ್ನು ಉಳಿಸಲಿ. ಮಗಳಿಗೆ ನನ್ನ ಮುತ್ತು. ಹೊತ್ತಿಗೆ ಸರಿಯಾಗಿ ಊಟ ಮಾಡು, ಇನ್ನೂ ಸಣ್ಣಗಾಗಲು ನಿನ್ನಲ್ಲಿ ಏನೂ ಉಳಿದಿಲ್ಲ.

ನಿನ್ನ
ಡುಮ್ಮಿ

ಮತ್ತೆ ಒಂದು ಮಾತು: ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಆಚೆ ನೋಡುತ್ತಲೇ ಕೇಳಿದರು: "ಡಾಕ್ಟರು ಪರದೆ ತೋರಿಸ್ದಾಗ ನಿನ್ನ ಮುಖ ನೋಡ್ದೆ. ನಾಳ ಮತ್ತೆ ಮುಚ್ಕೊಂಡಿದ್ರೆ ನಿಂಗೆ ಸಮಾಧಾನ ಆಗ್ತಿತ್ತಾ?" ಇಲ್ಲ ಎಂದೆ. ಆದರೆ ನಾನು ಬಾಯಿ ಬಿಡುವಷ್ಟರಲ್ಲಿ ಬಸ್ಸು ಒಂದು ಸ್ಟಾಪ್ ದಾಟಿತ್ತು. ಆಗಿನಿಂದ ಅವರು ನಿನ್ನ ಮಾತೇ ಎತ್ತುವುದಿಲ್ಲ. ನನಗೆ ಬೇಕಿದ್ದದ್ದು ಅದೇ ತಾನೇ?