ಕಿಬ್ಲಾದಿಂದ ಒಂದು ಗೇಣು ಎಡಕ್ಕೆ

ಅಣ್ಣನ ಜಾಗದಲ್ಲಿದ್ದ ಹಸನಾಕಾ,

ಮೊದಲು ನಮ್ಮ ಜಗಳ ಮುಗಿಸಿಬಿಡುತ್ತೇನೆ. ತಪ್ಪು ನಿಮ್ಮದೇ. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ಆದರೆ ಹದಿನೆಂಟು ದಿನ ನನ್ನನ್ನು ಚಾವಣಿಯ ಮೇಲೆ ನಿಲ್ಲಿಸಿ ದಬಾಯಿಸಿದವರನ್ನು ಅಷ್ಟು ಸುಲಭಕ್ಕೆ ಬಿಡುತ್ತೇನೆಯೇ?

ರಿಯಾದಿನ ಬತ್ಹಾ ಬಜಾರಿನಿಂದ ನೀವು ಆ ಪೆಟ್ಟಿಗೆ ತಂದ ಸಂಜೆ ಇನ್ನೂ ಕಣ್ಣ ಮುಂದಿದೆ. ಹಾಲಿನ ಟ್ಯಾಂಕರ್ ನಿಲ್ಲಿಸಿದವರು ಮುಖವನ್ನೂ ತೊಳೆಯದೆ ನನ್ನ ಕೋಣೆಗೆ ನುಗ್ಗಿದಿರಿ. "ಪೊರ್ಬುಗಳೇ, ಇದು ಉಪಗ್ರಹದ ರೇಡಿಯೊ. ಮೇಲಿಂದ ಸೀದಾ ಬರುದು. ಕರಕರ ಇಲ್ಲ, ಎಂತ ಇಲ್ಲ!" ಊರಿನಲ್ಲಿ ಕ್ರೈಸ್ತರನ್ನು ಕರೆಯುವ ಹಾಗೆ ಇಲ್ಲೂ ನಾನು ನಿಮಗೆ ಪೊರ್ಬುವೇ. ಲಾರೆನ್ಸ್ ಎಂಬ ಹೆಸರು ನಿಮ್ಮ ಬಾಯಲ್ಲಿ ಒಮ್ಮೆಯೂ ಬರಲಿಲ್ಲ.

ಅಲ್ ಖರ್ಜಿನ ಈ ಡೈರಿ ಕ್ಯಾಂಪಿನಲ್ಲಿ ಹನ್ನೊಂದು ವರ್ಷ, ಪ್ರತಿ ಬೆಳಿಗ್ಗೆ, ನೀವು ಶಾರ್ಟ್‌ವೇವ್ ಸೆಟ್ಟನ್ನು ಕಿವಿಗೆ ಒತ್ತಿಕೊಂಡು ಕನ್ನಡ ಹುಡುಕುತ್ತಿದ್ದಿರಿ. "ಮಂಗಳೂರಿನಲ್ಲಿ ನಿನ್ನೆ..." ಎನ್ನುವಷ್ಟರಲ್ಲಿ ಗೊರಗೊರ ಸದ್ದು ಎಲ್ಲವನ್ನೂ ನುಂಗುತ್ತಿತ್ತು. ಮಂಗಳೂರಿನಲ್ಲಿ ನಿನ್ನೆ ಏನಾಯಿತು ಎಂದು ಚಿಂತಿಸುತ್ತಲೇ ಇಡೀ ದಿನ ಟ್ಯಾಂಕರ್ ಓಡಿಸುತ್ತಿದ್ದಿರಿ. ಕ್ಯಾಂಪಿನವರಿಗೆ ಅದೊಂದು ತಮಾಷೆ. ನನಗೂ ತಮಾಷೆಯೇ ಆಗಿತ್ತು, ಈಗ ಒಪ್ಪಿಕೊಳ್ಳುತ್ತೇನೆ.

ಅಂಗಡಿಯವನು ಆಂಟೆನಾವನ್ನು ಪಶ್ಚಿಮಕ್ಕೆ, ಸ್ವಲ್ಪ ದಕ್ಷಿಣಕ್ಕೆ ತಿರುಗಿಸಿ ಎಂದಿದ್ದ. "ಅದು ಕಿಬ್ಲಾ ಅಲ್ವಾ ಮಾರಾಯ್ರೆ!" ಎಂದು ನೀವು ಕುಣಿದುಬಿಟ್ಟಿರಿ. ನಮಾಜಿಗೆ ನಿಲ್ಲುವ ಮಕ್ಕಾದ ದಿಕ್ಕಿಗೇ ಚಾವಣಿಯ ಮೇಲೆ ಆ ಅಂಗೈಯಗಲದ ಚೌಕ ಆಂಟೆನಾವನ್ನು ಇಟ್ಟಿರಿ. ಸೆಟ್ಟು ಉಸಿರೆತ್ತಲಿಲ್ಲ. ನಾನು ಕಂಪಾಸ್ ಹಿಡಿದು, ಇನ್ನೂ ಎಡಕ್ಕೆ ಹೋಗಬೇಕು ಎಂದೆ. "ದಿನಕ್ಕೆ ಐದು ಸಲ ಅತ್ತ ತಿರುಗುವವ ನಾನು. ನನಗೆ ದಿಕ್ಕು ಹೇಳಿಕೊಡುದಾ? ನೀವು ನಿಮ್ಮ ಫ್ರಿಜ್ಜು ರಿಪೇರಿ ಮಾಡಿ!" ಎಂದಿರಿ. ಮಕ್ಕಾ ನಿಮ್ಮ ದಿಕ್ಕಿನಲ್ಲೇ ಇತ್ತು, ಹಸನಾಕಾ. ಉಪಗ್ರಹ ಮಾತ್ರ ಅಲ್ಲಿರಲಿಲ್ಲ.

ಹತ್ತೊಂಬತ್ತನೆಯ ದಿನ ನೀವು ಮೇಲೆ ಬರಲಿಲ್ಲ. ಟ್ಯಾಂಕರಿನ ಸ್ಟೇರಿಂಗಿಗೆ ಒರಗಿದವರು ಏಳಲಿಲ್ಲ ಎಂದು ಗೇಟಿನವನು ಓಡಿಬಂದು ಹೇಳಿದ. ಎದೆ ನೋಯುತ್ತಿದೆ ಎಂದು ಒಂದು ಮಾತು ಹೇಳಬಾರದಿತ್ತೇ? ನಿಮ್ಮನ್ನು ಮಣ್ಣು ಮಾಡುವಾಗ ನಿಮ್ಮ ಧರ್ಮದವನಲ್ಲದ ನಾನು ಸ್ಮಶಾನದ ಗೋಡೆಯ ಹೊರಗೆ ನಿಂತಿದ್ದೆ. ಒಳಗೆ ಹೋದವರು ಬಂದು "ಆಯ್ತು" ಎಂದರು. ಏನು ಆಯ್ತು? ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ.

ಮೂರನೆಯ ದಿನವೇ ಕ್ಯಾಂಪ್ ಬಾಸ್ ಬಂದ. ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮೇಲೆ ಗೆರೆ ಎಳೆದ, ಮಂಚವನ್ನು ಹೊಸಬನಿಗೆ ಕೊಟ್ಟ. ನಿಮ್ಮ ಬಟ್ಟೆಬರೆ ಪೆಟ್ಟಿಗೆಗೆ ತುಂಬಿಸಿ ಚಾವಣಿಗೆ ಬಂದವನೇ ಆಂಟೆನಾ ಕಂಡು ಕೂಗಿದ: "ಯೇ ದಿಶ್ ಮಮ್ನೂ! ಯಲ್ಲಾ, ನಿಕಾಲೋ!" ಡಿಶ್ ನಿಷಿದ್ಧ, ಈಗಲೇ ತೆಗಿ ಎಂದು. ಡಿಶ್ ಅಲ್ಲ, ಇದರಲ್ಲಿ ಚಿತ್ರ ಬರುವುದಿಲ್ಲ, ಬರೀ ದನಿ ಎಂದೆ. ಕೇಳಲಿಲ್ಲ. ಈ ದೇಶದಲ್ಲಿ ಉಳಿಯಲು ಬೇಕಾದ ನನ್ನ ಇಕಾಮಾದ ನವೀಕರಣದ ಕಾಗದ ಮುಂದಿನ ತಿಂಗಳು ಅವನ ಮೇಜಿನಿಂದಲೇ ಹೋಗಬೇಕು. ಅದನ್ನೂ ನೆನಪಿಸಿದ.

ಅವನು ಯಲ್ಲಾ ಎಂದರೆ ಎದ್ದು ನಿಲ್ಲುವ ಜನ ನಾನು, ನಿಮಗೆ ಗೊತ್ತು. ಆ ದಿನವೂ ಹೆದರಿ ಫೋನ್ ಬೂತಿಗೆ ಹೋಗಿ, ಸೆಟ್ಟನ್ನು ಊರಿಗೆ ಕಳಿಸಲೇ ಎಂದು ಮೈಮುನಕ್ಕನನ್ನು ಕೇಳಿದೆ. ನಿಮ್ಮ ಹೆಂಡತಿ ಹೇಳಿದರು: "ಕಳಿಸ್ಬೇಡಿ. ಅವರಿಗೆ ಕೇಳ್ಲಿಕ್ಕೆ ಆಗ್ಲಿಲ್ಲ. ನೀವಾದ್ರೂ ಕೇಳಿ." ಅಷ್ಟು ಸಾಕಾಯಿತು ನನಗೆ. ನೇರ ಬಾಸ್‌ನ ಕೋಣೆಗೆ ಹೋಗಿ, ಮನೆಯವರ ವಸ್ತು, ಮನೆಯವರ ಮಾತು, ನಾನು ಇಳಿಸುವುದಿಲ್ಲ ಎಂದೆ. ಇಕಾಮಾದ ನೆನಪಿತ್ತು. ಆದರೂ ಎಂದೆ. "ನಿನ್ನ ಕಾಗದ ನೋಡಿಕೊಳ್ಳುತ್ತೇನೆ" ಎಂದ. ನೋಡಿಕೊಳ್ಳಲಿ.

ಅಲ್ಲಿಂದ ಚಾವಣಿ ಹತ್ತಿದೆ. ಕಿಬ್ಲಾಕ್ಕೆ ಮುಖ ಮಾಡಿ, ತೋಳು ಚಾಚಿ, ಬೆರಳು ಅಗಲಿಸಿ ಒಂದು ಗೇಣು ಎಡಕ್ಕೆ ಅಳೆದು, ಚೌಕವನ್ನು ಅರ್ಧ ಆಕಾಶಕ್ಕೆ ಎತ್ತಿದೆ. ಸೆಟ್ಟಿನ ಕಿಟಕಿಯಲ್ಲಿ ಸಿಗ್ನಲ್ಲಿನ ಗೆರೆಗಳು ಎದ್ದವು. ಯಾರೋ ಅರಬ್ಬಿಯಲ್ಲಿ ವಾರ್ತೆ ಓದುತ್ತಿದ್ದರು, ಪಕ್ಕದಲ್ಲೇ ಕುಳಿತು ಓದಿದಷ್ಟು ಸ್ಪಷ್ಟ. ಕರಕರ ಇಲ್ಲ, ಎಂತ ಇಲ್ಲ. ನಾನು ಅತ್ತುಬಿಟ್ಟೆ.

ಆದರೆ ಕನ್ನಡವೂ ಇಲ್ಲ. ಒಂದು ಗಂಟೆ ಗುಂಡಿ ಒತ್ತಿದೆ: ಅರಬ್ಬಿ, ಇಂಗ್ಲಿಷ್, ಫ್ರೆಂಚು, ನನಗೆ ಗೊತ್ತಿಲ್ಲದ ಇನ್ನೇನೇನೋ. ಇಷ್ಟು ದೊಡ್ಡ ಆಕಾಶದಲ್ಲಿ ನಮಗೆ ಇಷ್ಟೂ ಜಾಗ ಬೇಡವೇ? ನಿಮ್ಮದು ಬ್ಯಾರಿ ಭಾಷೆ, ನನ್ನದು ಕೊಂಕಣಿ, ಇಬ್ಬರ ಮನೆಮಾತೂ ಅಲ್ಲದ್ದಕ್ಕೆ ಇಷ್ಟು ಹಟವೇ ಎಂದು ರೂಮಿನವರು ನಗುತ್ತಾರೆ. ನಗಲಿ. ಹನ್ನೊಂದು ವರ್ಷ ನಾವು ಜಗಳವಾಡಿದ್ದು ಅದರಲ್ಲೇ ಅಲ್ಲವೇ?

ಸೆಟ್ಟಿನ ಪೆಟ್ಟಿಗೆಯ ತಳದಲ್ಲಿ ರೇಡಿಯೊ ಕಂಪನಿಯವರ ಒಂದು ಕಾರ್ಡು ಇತ್ತು. ಕೇಳುಗನ ಹೆಸರು, ವಿಳಾಸ, ಬೇಕಾದ ಭಾಷೆ. ಕನ್ನಡ ಎಂದು ಬರೆದೆ. ವಿಳಾಸಕ್ಕೆ ನಮ್ಮ ಕ್ಯಾಂಪು. ಹೆಸರು ನಿಮ್ಮದು. ಇನ್ನು ಪ್ರತಿ ಶುಕ್ರವಾರ ಒಂದು ಬರೆಯುತ್ತೇನೆ, ಕಾರ್ಡು ಇಲ್ಲದಿದ್ದರೆ ಬಿಳಿ ಹಾಳೆಯಲ್ಲಿ. ನನ್ನನ್ನು ಊರಿಗೆ ಅಟ್ಟಿದರೆ ಊರಿನಿಂದ ಬರೆಯುತ್ತೇನೆ, ಇದೇ ವಿಳಾಸ ಹಾಕಿ. ಒಂದು ದಿನ ಅವರು ಬೇಸತ್ತಾದರೂ ಉತ್ತರ ಕೊಡಲೇಬೇಕು, ಆಗದು ಎಂದಾದರೂ.

ಗುರುವಾರ ಮೆಸ್ಸಿನಲ್ಲಿ ಟಪಾಲು ಹಂಚುವವನು ಕ್ಯಾಂಪ್ ಬಾಸ್. ಒಂದೊಂದೇ ಹೆಸರು ಕೂಗುತ್ತಾನೆ. ಆ ಉತ್ತರ ಬಂದ ದಿನ, ತಾನು ಗೆರೆ ಎಳೆದ ಹೆಸರನ್ನು ಅವನೇ ಎಲ್ಲರೆದುರು ಗಟ್ಟಿಯಾಗಿ ಕೂಗಬೇಕು. ನಾನಿಲ್ಲಿದ್ದರೆ ಎದ್ದು ನಿಂತು ಹಾಜರ್ ಎನ್ನುತ್ತೇನೆ. ನಾನಿಲ್ಲದಿದ್ದರೆ, ನಿಮ್ಮ ಮಂಚದಲ್ಲಿ ಮಲಗುವ ಹೊಸಬನಿಗೆ ಹೇಳಿಟ್ಟಿದ್ದೇನೆ.

ನಿಮ್ಮ ಪೊರ್ಬು