ಅಪ್ಪನಿಗೆ ಒಯ್ದ ನೀರು

ಇಕೀಕೆ, ಮಂಗಳವಾರ

ಅಮ್ಮಾ,

ಬೆನ್ನುಚೀಲ ಹೊತ್ತು, ಬಸ್ಸು ಬದಲಿಸುತ್ತಾ, ಕರಾವಳಿ ಹಿಡಿದು ಇಲ್ಲಿಯವರೆಗೆ ಬಂದಿದ್ದೇನೆ. ನಾಡಿದ್ದು ಪೆರುವಿನ ಗಡಿ ದಾಟುತ್ತೇನೆ. ಅಪ್ಪನ ಗುಡಿಯಲ್ಲಿ ನೀರಿಡು ಎಂದು ನೀನು ಹೇಳಿದ ಕೆಲಸ ಮಾತ್ರ ಆಗಲಿಲ್ಲ.

ಅಪ್ಪನ ಲಾರಿ ಉರುಳಿದ ಜಾಗದಲ್ಲಿ ಬಸ್ಸಿನ ಡ್ರೈವರ್ ಐದು ನಿಮಿಷ ನಿಲ್ಲಿಸಲು ಒಪ್ಪಿದ. ರಸ್ತೆ ಬದಿಯಲ್ಲಿ, ಅಪಘಾತದಲ್ಲಿ ಸತ್ತವರಿಗೆ ಕಟ್ಟುವಂಥ ಪುಟ್ಟ ನೀಲಿ ಗುಡಿ ಕಂಡದ್ದೇ ಇಳಿದು ಓಡಿದೆ. ಮರಳು ಗುಡಿಸಿ ನೀರಿನ ಬಾಟಲಿ ಇಟ್ಟೆ. ಶಾಲೆ ಬಿಟ್ಟದ್ದು, ನಿನ್ನೊಡನೆ ಜಗಳವಾಡಿ ಹೊರಟದ್ದು, ಎಲ್ಲ ಹೇಳಿದೆ. ಹೇಳುತ್ತಾ ಅತ್ತುಬಿಟ್ಟೆ. ಕಣ್ಣೊರೆಸಿಕೊಂಡು ನೋಡಿದರೆ ಶಿಲುಬೆಯ ಮೇಲಿದ್ದದ್ದು ಎಲಿಯೊದೊರೊ ತಾಪಿಯಾ ಎಂಬ ಹೆಸರು.

"ಇದು ನಮ್ಮಪ್ಪ ಅಲ್ಲ," ಎಂದೆ, ಬಸ್ಸು ಹತ್ತುತ್ತಾ.

"ಯಾರಾದ್ರೇನು ಮಗಳೇ, ಅವನಿಗೂ ಬಾಯಾರಿರುತ್ತೆ. ನಿಮ್ಮಪ್ಪನ ಹತ್ರ ಹಾರ್ನ್ ಹೊಡೀತೀನಿ ಬಿಡು. ಇನ್ನೊಂದ್ಸಲ ನಿಲ್ಲಿಸಿದ್ರೆ ಹಿಂದೆ ಕೂತವರು ನನಗೇ ಗುಡಿ ಕಟ್ತಾರೆ!" ಎಂದ ಡ್ರೈವರ್.

ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಂದಿನ ತಿರುವಿನಲ್ಲೇ ಅಪ್ಪನ ಗುಡಿ ಬಂತು. ನೀನು ಬಳಿದ ನೀಲಿ ಮಾಸಿದೆ, ಬಾಟಲಿಗಳೆಲ್ಲ ಖಾಲಿ. ಡ್ರೈವರ್ ಮೂರು ಸಲ ಹಾರ್ನ್ ಹೊಡೆದ. ನಾನು ಕಿಟಕಿಗೆ ಕೈ ಒತ್ತಿದೆ. ಅಪ್ಪನಿಗೆ ಹೇಳಬೇಕೆಂದು ಇದ್ದದ್ದನ್ನೆಲ್ಲ ಆ ಅಪರಿಚಿತನಿಗೆ ಹೇಳಿ ಮುಗಿಸಿದ್ದೆ.

ಅಪ್ಪನಿಗೆ ನೀರು ಇಟ್ಟೆ ಎಂದು ಬರೆದಿದ್ದರೆ ನಿನಗೆ ಸಮಾಧಾನವಾಗುತ್ತಿತ್ತು. ಹಾಗೆ ಬರೆಯಲು ಕೈ ಬರಲಿಲ್ಲ.

ನೀನು ಅಲ್ಲಿಗೆ ಹೋದಾಗ ನಾನು ಶಾಲೆ ಬಿಟ್ಟದ್ದನ್ನು ಅಪ್ಪನಿಗೆ ಹೇಳಬೇಡ. ಹಿಂತಿರುಗುವಾಗ ಇಳಿದು ನಾನೇ ಹೇಳುತ್ತೇನೆ. ಆ ದಿನ ನೀನೂ ಬರುತ್ತೀಯಾ? ಇನ್ನೊಂದು ಸಲ ಒಬ್ಬಳೇ ನಿಂತು ಹೇಳಲು ನನ್ನಿಂದಾಗುವುದಿಲ್ಲ.

ನಿನ್ನ ಮಗಳು,
ಮಿರೆಯಾ