ನಿನ್ನ ಗಿಡ್ಡ ಹಲಗೆಗಳು

ವಿಯಾ ಲೆಂಗಾ, ಪಟಗೋನಿಯಾ
ಆಗಸ್ಟ್ ೧೯

ಪ್ರೀತಿಯ ನೆಲಿದಾ,

ನೀನು ಮಾಡಿದ ಗಿಡ್ಡ ಸ್ಕೀ ಹಲಗೆಗಳನ್ನು ಮೂರು ದಿನ ಪರೀಕ್ಷಿಸಿದ್ದಕ್ಕೆ ಆದ ಖರ್ಚು ಇಷ್ಟು: ಒಂದು ಕೈಗವಸು, ಒಂದು ಫ್ಲಾಸ್ಕು, ನನ್ನ ಮೊಣಕೈ ಚರ್ಮ, ಮೂವತ್ತು ವರ್ಷ ಸ್ಕೀ ಕಲಿಸಿದವನೆಂಬ ಮರ್ಯಾದೆ.

ಮೊದಲ ದಿನ ಇಳಿಜಾರು ಗಾಜಿನಂತೆ ಹೆಪ್ಪುಗಟ್ಟಿತ್ತು. ಗುಡ್ಡ ಹತ್ತಿಸುವ ಲಿಫ್ಟ್ ನಡೆಸುವ ರಮೋನಾ, "ಏನ್ ಅನ್ಸೆಲ್ಮೊ ಅವ್ರೆ, ಮೊಮ್ಮಗನ್ ಸ್ಕೀ ಕದ್ಕೊಂಡ್ ಬಂದ್ರಾ?" ಅಂದಳು. ಆದರೂ ಹಲಗೆಗಳ ಅಂಚು ಮಂಜುಗಡ್ಡೆಯನ್ನು ಗಟ್ಟಿಯಾಗಿ ಕಚ್ಚಿ ಹಿಡಿಯಿತು. ಮರುದಿನ ಬಿಸಿಲಿಗೆ ಕರಗಿದ ಹಿಮದಲ್ಲೂ ಸಲೀಸಾಗಿ ತಿರುಗಿದವು.

ಮೂರನೆಯ ದಿನ ಮೊಣಕಾಲುದ್ದ ಹೊಸ ಹಿಮ. ಹೋದ ವರ್ಷ ನಾನು ಇದೇ ಹಲಗೆಗಳಲ್ಲಿ ಎಲ್ಲರೆದುರು ಅಂಗಾತ ಬಿದ್ದು, "ಇದು ಆಟದ ಸಾಮಾನು" ಅಂದದ್ದು ಇಂಥ ಹಿಮದಲ್ಲೇ. ಈ ಸಲವೂ ನಾಲ್ಕು ಬಾರಿ ಬಿದ್ದೆ. ಎಬ್ಬಿಸಲು ಬಂದ ರಮೋನಾ, "ಹಿಂದಕ್ಕ್ ಯಾಕ್ ವಾಲ್ತೀರಿ ಮಾರಾಯ್ರೆ? ಹಿಂದೆ ಹಲಗೇನೇ ಇಲ್ವಲ್ಲ!" ಅಂದಳು. ಹೊಸ ಹಿಮ ಕಂಡರೆ ಹಿಂದಕ್ಕೆ ವಾಲುವುದು ಉದ್ದ ಸ್ಕೀಯವರ ಚಾಳಿ. ನೆಟ್ಟಗೆ ನಿಂತೆ. ಕೆಳಗಿನವರೆಗೂ ಬೀಳಲಿಲ್ಲ.

ತಪ್ಪು ಹಲಗೆಯದಲ್ಲ, ನನ್ನದು. ನನ್ನ ಮಾತು ನಂಬಿ ಸ್ಕೀ ಶಾಲೆಯವರು ನಿನ್ನ ಹಲಗೆ ಬೇಡವೆಂದಿದ್ದರು. ಅವರಿಗೂ ಇದನ್ನು ಹೇಳಿ ಬಂದೆ; ಈಗ ಹನ್ನೆರಡು ಜೋಡಿ ಬೇಕಂತೆ. ಸೋಮವಾರ ಹಲಗೆ ಮಾಡುವ ಮರದ ಅಚ್ಚುಗಳನ್ನು ಒಲೆಗೆ ಹಾಕುತ್ತೇನೆಂದು ಅಮ್ಮನಿಗೆ ಬರೆದಿದ್ದೀಯಂತೆ. ಸೌದೆ ಬೇಕಿದ್ದರೆ ನಾನು ಕಳಿಸುತ್ತೇನೆ.

ಬೂಟು ಬಿಗಿಯುವ ಪಟ್ಟಿ ಸ್ವಲ್ಪ ಸಡಿಲ. ನನಗೆಂದು ಮಾಡುವ ಜೋಡಿಯಲ್ಲಿ ಅದನ್ನು ಸರಿಮಾಡು. ನನ್ನ ಬೂಟಿನ ಅಳತೆ ನಲವತ್ತಮೂರು.

ಇನ್ನು ಲಾಭದ ಲೆಕ್ಕ: ಶಾಲೆಗೆ ಹನ್ನೆರಡು ಜೋಡಿ ಹಲಗೆ ಸಿಗುತ್ತವೆ. ರಮೋನಾಗೆ ಚಳಿಗಾಲ ಮುಗಿಯುವವರೆಗೂ ಹೇಳಲು ಕಥೆ ಸಿಕ್ಕಿತು. ನಿನಗೆ ನಿನ್ನ ಕೆಲಸ. ನನಗೆ ಸಿಕ್ಕಿದ್ದೇನೆಂದು ನಿನ್ನ ಉತ್ತರ ಬಂದ ಮೇಲೆ ಬರೆದುಕೊಳ್ಳುತ್ತೇನೆ.

ನಿನ್ನ ಅಪ್ಪ,
ಅನ್ಸೆಲ್ಮೊ